ಏಳರಿಂದ ಒಂಬತ್ತು

ಸುಮಿತ್ರಾ ಅದನ್ನು ಮೂರನೆಯ ಸಲ ಹೇಳಿದಳು. ಗಟ್ಟಿಯಾಗಿ ಹೇಳಿ ಪ್ರಯೋಜನವಿಲ್ಲವೆಂದು ಬುದ್ಧಿ ಬಂದಾಗಿನಿಂದ ಗೊತ್ತಿದ್ದರೂ ಈ ಸಲ ಕೂಗಿಯೇ ಹೇಳಿದಳು.

"ಅಪ್ಪ ಹೋಗ್ಬಿಟ್ರು ಅಮ್ಮಾ!"

ಬಾಗಿಲು ಹಿಡಿದು ನಿಂತಿದ್ದ ರಮಾಮಣಿ ಮಗಳ ತುಟಿಯಿಂದ ಕಣ್ಣು ಕೀಳಲಿಲ್ಲ. ಹುಬ್ಬು ಗಂಟಿಕ್ಕಿತ್ತು.

"ಅಮ್ಮನಾ? ಯಾರಮ್ಮ? ಎಲ್ಲಿಗೆ ಹೋದ್ರು? ನಿಧಾನವಾಗಿ ಹೇಳೇ. ಡಾಕ್ಟ್ರು ಏನಂದ್ರು? ನಿಮ್ಮಪ್ಪ ಎಲ್ಲಿ?"

ಅಪ್ಪ ಎಂದರೂ ಅಮ್ಮ ಎಂದರೂ ತುಟಿ ಮುಚ್ಚಿ ತೆರೆಯುವುದು ಒಂದೇ ರೀತಿ. ಕಿವಿ ಇದ್ದವರಿಗೆ ಇದು ಗಮನಕ್ಕೆ ಬರುವುದಿಲ್ಲ. ರಮಾಮಣಿಗೆ ಕಿವಿ ಹೋಗಿ ಇಪ್ಪತ್ತಮೂರು ವರ್ಷವಾಗಿತ್ತು.

ಬೆಳಗಿನ ಜಾವ ಎದೆ ಹಿಡಿದುಕೊಂಡು ಎದ್ದ ಸತ್ಯಮೂರ್ತಿಯವರನ್ನು ಸುಮಿತ್ರಾ ಪಕ್ಕದ ಮನೆಯವರ ಜೊತೆ ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಹೊರಡುವ ಮುಂಚೆ ಅವರು ದೀಪದ ಕೆಳಗೆ ನಿಂತು, ಹೆಂಡತಿಗೆ ಕಾಣುವ ಹಾಗೆ ಮುಖ ಎತ್ತಿ, "ಏನಿಲ್ಲ, ಗ್ಯಾಸು. ಡಿಕಾಕ್ಷನ್ ಹಾಕಿಡು, ಬಂದೆ" ಅಂದಿದ್ದರು. ರಮಾಮಣಿ ಡಿಕಾಕ್ಷನ್ ಹಾಕಿ, ಹಾಲು ಕಾಯಿಸಿ, ಎರಡು ಲೋಟ ತೊಳೆದಿಟ್ಟಿದ್ದರು.

ಬರೆದು ತೋರಿಸೋಣವೆಂದರೆ ಸುಮಿತ್ರಾಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಅವಳಮ್ಮನಿಗೆ ಕನ್ನಡ ಬಿಟ್ಟು ಬೇರೆ ಓದಲು ಬರುತ್ತಿರಲಿಲ್ಲ. ಅವಳು ಪರ್ಸಿನಿಂದ ಅಪ್ಪನ ಕನ್ನಡಕವನ್ನೂ ಕೈಗಡಿಯಾರವನ್ನೂ ತೆಗೆದು ಅಮ್ಮನ ಅಂಗೈಯಲ್ಲಿಟ್ಟಳು.

"ಕನ್ನಡಕ ಯಾಕೆ ತಂದೆ? ಅದಿಲ್ಲದೆ ಅವರಿಗೆ..."

ರಮಾಮಣಿ ಕನ್ನಡಕದ ಕಡ್ಡಿಗಳನ್ನು ಒಂದೊಂದಾಗಿ ಮಡಿಸಿದರು. ಮಡಿಸಿ, ಮತ್ತೆ ಬಿಚ್ಚಿದರು. ಆಮೇಲೆ ಅವರಿಂದ ಹೊರಟ ದನಿ ಆ ಮೂರು ಮಹಡಿಯ ಬಿಲ್ಡಿಂಗಿನ ಎಲ್ಲ ಮನೆಗಳಿಗೂ ಕೇಳಿಸಿತು. ಅವರ ದನಿ ಅವರಿಗೇ ಕೇಳಿಸದ್ದರಿಂದ ಅದು ಎಷ್ಟು ಏರಿತೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಏರಿದಾಗಲೆಲ್ಲ ಸತ್ಯಮೂರ್ತಿ ಅಂಗೈಯನ್ನು ನೆಲದ ಕಡೆಗೆ ಮೆಲ್ಲನೆ ಇಳಿಸಿ ತೋರಿಸುತ್ತಿದ್ದರು. ಹಾಗೆ ತೋರಿಸುವವರು ಈಗ ಇರಲಿಲ್ಲ.

ಹತ್ತು ಗಂಟೆಗೆ ದೇಹ ಮನೆಗೆ ಬಂತು. ಸತ್ಯಮೂರ್ತಿಯವರ ತಮ್ಮ ಸೀತಾರಾಮ ಚೆಂಬೂರಿನಿಂದ ಪುರೋಹಿತರನ್ನು ಕರೆದುಕೊಂಡು ಬಂದರು. ಹಾಲಿನಲ್ಲಿದ್ದ ಸ್ಟೂಲು, ಟೀಪಾಯಿ ಎಲ್ಲ ಹೊರಗೆ ಹೋಗಿ ನೆಲ ಖಾಲಿಯಾಯಿತು. ತಲೆಯ ಹತ್ತಿರ ಎಣ್ಣೆದೀಪ ಇಟ್ಟರು. ಬಾಯಿ ತೆರೆದುಕೊಳ್ಳದಿರಲೆಂದು ಆಸ್ಪತ್ರೆಯವರು ಗದ್ದದಿಂದ ನೆತ್ತಿಗೆ ಒಂದು ಬಟ್ಟೆ ಕಟ್ಟಿ ಕಳಿಸಿದ್ದರು. ರಮಾಮಣಿ ಎದುರಿಗೆ ಕೂತು ಆ ಬಾಯಿಯನ್ನು ನೋಡುತ್ತಿದ್ದರು. ಸುತ್ತ ಇದ್ದವರು ಏನೇನೋ ಹೇಳುತ್ತಿದ್ದರು. ಅವರು ಯಾರ ಕಡೆಗೂ ಮುಖ ತಿರುಗಿಸಲಿಲ್ಲ.

ಹನ್ನೊಂದರ ಸುಮಾರಿಗೆ ಐದಾರು ಜನ ಗಂಡಸರು ಒಟ್ಟಿಗೆ ಬಂದರು. ಚಪ್ಪಲಿ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತರು. ಸೀತಾರಾಮ ವಿಚಾರಿಸಿದಾಗ, "ನಾವು ಅವರ ಟ್ರೈನಿನವರು. ಸಂಜೆ ಐದು ನಲವತ್ತೆಂಟರ ಲೋಕಲ್ಲು" ಅಂದರು ಅವರಲ್ಲಿ ಒಬ್ಬರು, ಹಾಗೆನ್ನುವ ಮುಂಚೆ ಮೂಗಿನ ತುದಿಯನ್ನು ಎರಡು ಬೆರಳಿಂದ ಮುಟ್ಟಿಕೊಂಡು.

ರಮಾಮಣಿ ಅದನ್ನು ನೋಡಿದರು. ಆ ದಿನ ಮೊದಲ ಸಲ ಅವರ ಕಣ್ಣು ಅತ್ತಿತ್ತ ಆಡಿತು.

"ನೀವು ಸದಾನಂದ ಅಲ್ವಾ?" ಅಂದರು, ಎಲ್ಲರೂ ಬೆಚ್ಚುವಷ್ಟು ಗಟ್ಟಿಯಾಗಿ.

"ಹೌದು... ನಾನೇ. ನಿಮಗೆ ಹೇಗೆ ಗೊತ್ತಾಯ್ತು ಅಮ್ಮ? ನಾವು ನೋಡಿದ್ದೇ ಇಲ್ಲ ಅಲ್ವಾ?"

"ಮಗಳ ಕಾಲಿನ ಪ್ಲಾಸ್ಟರ್ ತೆಗೆದ್ರಾ? ಬುಧವಾರ ತೆಗೀತಾರೆ ಅಂದಿದ್ರಂತೆ."

ಸದಾನಂದರ ಕೈ ತಾನಾಗಿ ಬಾಯಿಗೆ ಹೋಯಿತು.

"ಕೈ ತೆಗೀರಿ. ನನಗೆ ಕಾಣಲ್ಲ."

"ತೆಗೆದ್ರು ಅಮ್ಮ," ಅಂದರು ಅವರು ಕೈ ಇಳಿಸಿ. "ತೆಗೆದಾಯ್ತು. ನಡೀತಾಳೆ."

ರಮಾಮಣಿ ಗಂಡನ ಕಡೆ ತಿರುಗಿ, "ನಡೀತಾಳಂತೆ" ಅಂದರು.

ಉಳಿದವರನ್ನೂ ಅವರು ಗುರುತು ಹಿಡಿದರು. ಕಿಟಕಿಗಾಗಿ ಜಗಳ ಕಾಯುವವರು ಇವರು, ಆಗಾಗ ಭಜನೆ ಹೇಳಿ ಅರ್ಧಕ್ಕೆ ಮರೆಯುವವರು ಅವರು. ಅವರಲ್ಲಿದ್ದ ಮರಾಠಿಯವರಿಗೆ ಮಾತು ಅರ್ಥವಾಗದಿದ್ದರೂ ತಮ್ಮನ್ನು ಈ ಹೆಂಗಸು ಬಲ್ಲಳೆಂದು ತಿಳಿಯಿತು; ಒಬ್ಬರು ಕಣ್ಣೊರೆಸಿಕೊಂಡು ಹೊರಗೆ ಹೋದರು.

ಮೆಟ್ಟಿಲ ಬಳಿ ಸದಾನಂದ ಸುಮಿತ್ರಾಗೆ ಹೇಳಿದರು: "ನಿಮ್ಮ ತಂದೆ ಟ್ರೈನಿನಲ್ಲಿ ಬಾಯೇ ಬಿಡ್ತಿರಲಿಲ್ಲ. ಇಸ್ಪೀಟಿಗೆ ಕರೆದ್ರೆ ಬರ್ತಿರಲಿಲ್ಲ. ಒಂದು ಮೂಲೆ ಹಿಡಿದು ನಮ್ಮ ಮಾತು ಕೇಳ್ತಾ ಕೂತ್ಕೊಳ್ಳುವುದು, ಅಷ್ಟೆ. ಎಂಥದೋ ಚೀಟಿಯಲ್ಲಿ ಬರ್ಕೊಳ್ತಿದ್ರು. ನಾವು ಮೌನಿಬಾಬಾ ಅಂತ ಹೆಸರಿಟ್ಟಿದ್ವು ಮಾರಾಯ್ತಿ."

"ಮೌನಿ?" ಅಂದಳು ಸುಮಿತ್ರಾ. "ಮನೆಯಲ್ಲಿ ಅಪ್ಪ ಚುಪ್ ಕೂತಿದ್ದೇ ನಾನು ನೋಡಿಲ್ಲ, ಅಂಕಲ್. ಸಂಡೇ ಪೂರಾ ದಿನ ಅಮ್ಮನ ಜೊತೆ ಬಾತ್... ಮಾತು."

* * *

ಮಳವಳ್ಳಿಯ ಕಡೆಯಿಂದ ಬಂದು ಮುಂಬಯಿಯಲ್ಲಿ ಸಂಸಾರ ಹೂಡಿ ಮೂರು ವರ್ಷವಾಗಿತ್ತು. ಸತ್ಯಮೂರ್ತಿಗೆ ಫೋರ್ಟಿನಲ್ಲಿ ಒಂದು ವಿಮಾ ಕಂಪನಿಯ ಟಪಾಲು ವಿಭಾಗದಲ್ಲಿ ಗುಮಾಸ್ತೆ ಕೆಲಸ. ಮಗು ಸುಮಿತ್ರಾಗೆ ಎರಡು ವರ್ಷ. ಅರವತ್ತೊಂಬತ್ತರ ಮಳೆಗಾಲದಲ್ಲಿ ರಮಾಮಣಿಗೆ ಜ್ವರ ಬಂತು. ಇಪ್ಪತ್ತೆರಡು ದಿನ ಬಿಡಲಿಲ್ಲ. ಜ್ವರ ಇಳಿದ ಬೆಳಿಗ್ಗೆ ಅವರು ಗಂಡನಿಗೆ, "ಮಳೆ ನಿಂತಿತಾ?" ಎಂದು ಕೇಳಿದರು. ಹೊರಗೆ ತಗಡಿನ ಮೇಲೆ ಮಳೆ ಹುಯ್ಯುತ್ತಲೇ ಇತ್ತು.

ಅಷ್ಟು ಹೊತ್ತಿಗೆ ಅವರು ಕಲಿತಿದ್ದ ಹಿಂದಿಯೆಂದರೆ ತರಕಾರಿಯ ಹೆಸರು, ಹತ್ತರವರೆಗಿನ ಅಂಕಿ. ಕೇಳದ ಭಾಷೆಯನ್ನು ತುಟಿ ನೋಡಿ ಕಲಿಯಲು ಆಗುವುದಿಲ್ಲ. ಕನ್ನಡದ ತುಟಿಯನ್ನು ಮಾತ್ರ, ಅದೂ ನಿಧಾನವಾಗಿ, ಅವರು ಹಿಡಿಯತೊಡಗಿದರು. ಅಷ್ಟು ದೊಡ್ಡ ಊರಿನಲ್ಲಿ ಅವರಿಗೆ ಅರ್ಥವಾಗುವ ಬಾಯಿ ಒಂದೇ ಒಂದು ಉಳಿಯಿತು.

ಸತ್ಯಮೂರ್ತಿಗೆ ಆಗ ದಪ್ಪ ಮೀಸೆ ಇತ್ತು. ಒಂದು ದಿನ ಹೆಂಡತಿ ಬೇಸತ್ತು, "ನಿಮ್ಮ ಮೇಲ್ತುಟಿ ಕಾಣೋದೇ ಇಲ್ಲ, ಅರ್ಧ ಮಾತು ಮೀಸೇಲೇ ಹೋಗುತ್ತೆ" ಅಂದರು. ಮರುದಿನ ಅವರು ಮೀಸೆ ಬೋಳಿಸಿಕೊಂಡು ಆಫೀಸಿಗೆ ಹೋದರು. ಬೋಳು ತುಟಿ ನೋಡಿ, ತಂದೆ ಹೋದರೆಂದುಕೊಂಡು ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಬಂದು ಕೈ ಹಿಡಿದು ಸಮಾಧಾನ ಹೇಳಿದರು. ಸತ್ಯಮೂರ್ತಿ ಎಲ್ಲರಿಗೂ ತಲೆಯಾಡಿಸಿ ಸುಮ್ಮನಿದ್ದರು. ಊರಿನಲ್ಲಿ ಗಟ್ಟಿಮುಟ್ಟಾಗಿದ್ದ ತಂದೆಯ ಮರಣಕ್ಕೆ ಸಂತಾಪ ಸ್ವೀಕರಿಸಿದ ಆ ಕತೆಯನ್ನು ಸಂಜೆ ಮನೆಗೆ ಬಂದು ಅಭಿನಯ ಸಮೇತ ಹೇಳಿದಾಗ ರಮಾಮಣಿ ಜ್ವರದ ನಂತರ ಮೊದಲ ಬಾರಿ ನಕ್ಕರು.

ಅಲ್ಲಿಂದ ಸಂಜೆಯ ಮಾತು ಶುರುವಾಯಿತು. ಡೊಂಬಿವಲಿಗೆ ಮನೆ ಬದಲಾಯಿಸಿದ ಮೇಲೂ ನಿಲ್ಲಲಿಲ್ಲ. ಏಳೂ ಹತ್ತಕ್ಕೆ ಮನೆ ಸೇರಿ, ಕೈಕಾಲು ತೊಳೆದು, ಕಾಫಿ ಲೋಟ ಹಿಡಿದು ಅವರು ಹೆಂಡತಿಯ ಎದುರಿಗೆ ಕೂರುತ್ತಿದ್ದರು. ಟ್ರೈನಿನಲ್ಲಿ ಯಾರು ಹೇಗೆ ಮೂಗು ಮುಟ್ಟಿಕೊಂಡು ಯಾರಿಗೆ ಏನಂದರು, ಸಾಹೇಬರಿಗೆ ಯಾಕೆ ಸಿಟ್ಟು ಬಂತು, ಕೆಳಗಿನ ಮನೆಯವರು ಯಾತಕ್ಕೆ ಕಿರುಚಾಡುತ್ತಿದ್ದಾರೆ, ರೇಡಿಯೋ ಏನು ಹೇಳಿತು, ಎಲ್ಲ. ಮೊದಮೊದಲು ದನಿ ತೆಗೆದೇ ಹೇಳುತ್ತಿದ್ದರು. ಕ್ರಮೇಣ ದನಿ ತಾನಾಗಿ ಬಿದ್ದುಹೋಗಿ ತುಟಿ ಮಾತ್ರ ಉಳಿಯಿತು.

ಸುಮಿತ್ರಾ ಬೆಳೆದದ್ದು ಆ ಮನೆಯಲ್ಲಿ. ಅಮ್ಮನ ಕನ್ನಡ ಅವಳ ಕಿವಿಗೆ ಬೀಳುತ್ತಿತ್ತು, ಅಪ್ಪನ ಕನ್ನಡ ಬೀಳುತ್ತಿರಲಿಲ್ಲ. ಅಮ್ಮನಿಗೆ ಏನಾದರೂ ಹೇಳಬೇಕೆಂದರೆ ಅವಳು ಅಪ್ಪನಿಗೆ ಹಿಂದಿ ಇಂಗ್ಲಿಷು ಬೆರೆಸಿ ಹೇಳುತ್ತಿದ್ದಳು. ಅವರು ಹೆಂಡತಿಯ ಕಡೆ ತಿರುಗಿ ತುಟಿಯಾಡಿಸುತ್ತಿದ್ದರು. ಅವಳಿಗೆ ಗೋರೆಗಾಂವಿನ ಆಫೀಸಿನಲ್ಲಿ ಕೆಲಸ ಸಿಕ್ಕ ಸುದ್ದಿಯನ್ನೂ ಅಮ್ಮನಿಗೆ ತಿಳಿಸಿದ್ದು ಹಾಗೆಯೇ.

* * *

ಪುರೋಹಿತರು ದರ್ಭೆ ಹರಡುತ್ತಿದ್ದಾಗ ಬಾಗಿಲಲ್ಲಿ ಮೂವತ್ತು ಮೂವತ್ತೈದರ ಒಬ್ಬ ಮನುಷ್ಯ ಬಂದು ನಿಂತ. ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ, ಜೇಬಿನಲ್ಲಿ ಟೆಸ್ಟರ್. ಹೊರಗೆ ಬಿಟ್ಟಿದ್ದ ಚಪ್ಪಲಿಗಳ ರಾಶಿ ನೋಡಿ ಹಬ್ಬವೋ ಏನೋ ಎಂದುಕೊಂಡವನು ಒಳಗೆ ಇಣುಕಿ ಹಾಗೇ ಕಲ್ಲಾದ.

"ಸಾಹೇಬ್ರು..." ಅಂದ.

"ಯಾರು ನೀವು?" ಅಂದಳು ಸುಮಿತ್ರಾ.

"ಸಾಯಬಣ್ಣ ರೀ. ಇನ್ವರ್ಟರ್ ಹಾಕಿದಾವ. ತಿಂಗಳದ ಮೊದಲನೇ ಶನಿವಾರ ಬ್ಯಾಟ್ರಿಗಿ ನೀರು ಹಾಕ್ಲಿಕ್ಕ ಬರ್ತೀನ್ರಿ. ಇವತ್ತ ಶನಿವಾರ ಅದಲ್ರಿ..." ಅವನು ಡಬ್ಬಿಯನ್ನು ನೆಲಕ್ಕಿಟ್ಟು ಕೈ ಮುಗಿದ. ಎಷ್ಟು ಹೊತ್ತಾದರೂ ಮುಗಿದ ಕೈ ಬಿಡಲಿಲ್ಲ.

ಆಮೇಲೆ ಅವನು ಸುಮಿತ್ರಾಳನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳಿದ: "ತಂಗೀ, ನೀರು ಹಾಕಿ ಹೋಗ್ಲೇನು? ಇವತ್ತಿನ ದಿವಸ ಮಾಡಬಾರದಂತ ಇದ್ರ ಬ್ಯಾಡ. ಆದ್ರ ಸಂಜೀಕ ಲೈಟ್ ಹೋಗ್ತದ. ಅವ್ವಾರಿಗಿ ಕತ್ತಲಾಗಬಾರದು."

"ಹಾಕಿ," ಅಂದಳು ಸುಮಿತ್ರಾ. ಆಮೇಲೆ, ಬೇಸರವನ್ನು ಅಡಗಿಸಲಾರದೆ ಅಂದಳು: "ಆದರೆ ಆ ಹಾಲಿನ ಲೈಟ್ ಯಾಕೆ ಅಷ್ಟು ನೀಚೆ... ಕೆಳಗೆ ಹಾಕಿದ್ರಿ? ಸೀದಾ ಮುಖಕ್ಕೆ ಹೊಡೆಯುತ್ತೆ. ಅಪ್ಪನ ಹತ್ತಿರ ಎಷ್ಟು ಸಲ ಜಗಳ ಮಾಡಿದೀನಿ, ತೆಗೆಸಿ ಅಂತ."

ಸಾಯಬಣ್ಣ ಅವಳನ್ನು ವಿಚಿತ್ರವಾಗಿ ನೋಡಿದ. "ನಿಮಗ ಗೊತ್ತಿಲ್ಲೇನ್ರಿ?" ಅಂದ.

ಏಳರಿಂದ ಒಂಬತ್ತರವರೆಗೆ ಸುಮಿತ್ರಾ ಯಾವತ್ತೂ ಮನೆಯಲ್ಲಿ ಇರುತ್ತಿರಲಿಲ್ಲ. ಗೋರೆಗಾಂವಿನಿಂದ ದಾದರಿಗೆ ಬಂದು, ಗಾಡಿ ಬದಲಿಸಿ, ಮನೆ ಮುಟ್ಟುವಾಗ ಒಂಬತ್ತೂವರೆ. ಭಾನುವಾರ ಲೈಟು ಹೋಗುತ್ತಿರಲಿಲ್ಲ.

* * *

ತೊಂಬತ್ತರ ಮಳೆಗಾಲದಿಂದ ಲೈಟು ಹೋಗತೊಡಗಿತ್ತು. ಏಳಕ್ಕೆ ಹೋದರೆ ಬರುವುದು ಒಂಬತ್ತಕ್ಕೆ.

ಮನೆಯ ಕರೆಗಂಟೆಯನ್ನು ಸತ್ಯಮೂರ್ತಿ ಹಿಂದೆಯೇ ತೆಗೆಸಿ ಕೆಂಪು ಬಲ್ಬು ಹಾಕಿಸಿದ್ದರು. ಹೊರಗೆ ಒತ್ತಿದರೆ ಒಳಗೆ ಅಡುಗೆಮನೆ ಬಾಗಿಲ ಮೇಲೆ ಹತ್ತುತ್ತಿತ್ತು. ಲೈಟು ಹೋದ ಮೊದಲ ಸಂಜೆ ಅವರು ಮೆಟ್ಟಿಲು ಹತ್ತಿ ಬಂದು ಒತ್ತಿದರು. ಬಲ್ಬು ಹತ್ತುವಂತಿರಲಿಲ್ಲ. ಬಾಗಿಲು ಒಳಗಿನಿಂದ ಬೋಲ್ಟು. ತಟ್ಟಿದರು. ಪಕ್ಕದ ಮನೆಯವರೂ ಬಂದು ಗುದ್ದಿದರು. ಒಳಗೆ ಮೂರು ಮಾರು ದೂರದಲ್ಲಿ ರಮಾಮಣಿ ಮೇಣದ ಬತ್ತಿಯ ಎದುರು ಕೂತು, ಇವರು ಯಾಕಿನ್ನೂ ಬರಲಿಲ್ಲವೆಂದು ಬಾಗಿಲನ್ನೇ ನೋಡುತ್ತಿದ್ದರು.

ಪಕ್ಕದವರು ಒಳಗೆ ಬಂದು ಕೂರಲು ಕರೆದರೂ ಸತ್ಯಮೂರ್ತಿ ಹೋಗಲಿಲ್ಲ. ಮೆಟ್ಟಿಲ ಮೇಲೆ ಟಿಫಿನ್ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಒಂಬತ್ತರವರೆಗೆ ಕೂತರು. ಲೈಟು ಬಂದ ಕೂಡಲೇ ಎದ್ದು ಒತ್ತಿದರು.

"ಇಷ್ಟು ಹೊತ್ತು ಎಲ್ಲಿ ಹೋಗಿದ್ರಿ? ಜೀವ ಬಾಯಿಗೆ ಬಂದಿತ್ತು!"

"ಟ್ರೈನು ಲೇಟು," ಅಂದರು ಅವರು.

ಆ ವಾರದಲ್ಲಿ ಮೂರು ಸಲ ಟ್ರೈನು ಲೇಟಾಯಿತು. ನಾಲ್ಕನೆಯ ದಿನ ರಮಾಮಣಿ ಬಟ್ಟೆ ಒಗೆಯುವಾಗ ಗಂಡನ ಪ್ಯಾಂಟಿನ ಹಿಂಭಾಗದಲ್ಲಿ ಮೆಟ್ಟಿಲಿನ ಸುಣ್ಣದ ಪುಡಿ ನೋಡಿ ಅಲ್ಲೇ ಕುಕ್ಕರಿಸಿದರು. ಇನ್ನು ಬೋಲ್ಟು ಹಾಕುವುದಿಲ್ಲವೆಂದರು. ಬಿಲ್ಡಿಂಗಿನಲ್ಲಿ ಕತ್ತಲಲ್ಲಿ ಎರಡು ಕಳ್ಳತನವಾಗಿತ್ತು, ಸತ್ಯಮೂರ್ತಿ ಒಪ್ಪಲಿಲ್ಲ.

ಲೈಟು ಹೋಗುವ ಮುಂಚೆಯೇ ಮನೆ ಸೇರಿದ ದಿನಗಳಲ್ಲೂ ಸಂಜೆ ಮಾತಿಲ್ಲ. ಮೇಣದ ಬತ್ತಿಯ ಬೆಳಕು ಕೆಳಗಿನಿಂದ ಬಿದ್ದು ತುಟಿಯ ನೆರಳು ಮೂಗಿನ ಮೇಲೆ ಕುಣಿಯುತ್ತಿತ್ತು. ಟಾರ್ಚನ್ನು ತಮ್ಮ ಮುಖಕ್ಕೆ ಹಿಡಿದುಕೊಂಡು ಹೇಳಲು ನೋಡಿದರು. ರಮಾಮಣಿಗೆ ನಗು ಬಂತೇ ಹೊರತು ಮಾತು ಹತ್ತಲಿಲ್ಲ, ಅವರ ಕೈಯೂ ಸೋತಿತು. ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆದರು. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಅದರ ಆರಂಭ ಮರೆಯುತ್ತಿತ್ತು. ಕೊನೆಗೆ ಇಬ್ಬರೂ ಸುಮ್ಮನೆ ಭುಜಕ್ಕೆ ಭುಜ ತಾಗಿಸಿ ಒಂಬತ್ತಾಗುವುದನ್ನು ಕಾಯುತ್ತಿದ್ದರು. ಲೈಟು ಬರುವ ಹೊತ್ತಿಗೆ ಊಟದ ಹೊತ್ತು, ಸುಮಿತ್ರಾ ಬರುವ ಹೊತ್ತು, ಬೆಳಿಗ್ಗೆ ಐದಕ್ಕೆ ಏಳುವವರು ಮಲಗುವ ಹೊತ್ತು.

ಎದುರಿಗೆ ಹೊಸ ಬಿಲ್ಡಿಂಗಿಗೆ ವೈರಿಂಗ್ ಮಾಡುತ್ತಿದ್ದ ಅಫಜಲಪುರದ ಕಡೆಯ ಸಾಯಬಣ್ಣ ಏಣಿಯ ಮೇಲಿಂದ ಕನ್ನಡದಲ್ಲಿ ಯಾರನ್ನೋ ಬೈಯುವುದು ಕೇಳಿ ಸತ್ಯಮೂರ್ತಿ ಅವನನ್ನು ಮನೆಗೆ ಕರೆತಂದರು.

ಇನ್ವರ್ಟರ್ ಅನ್ನುವುದು ಆಗ ಆ ಬೀದಿಗೇ ಹೊಸದು. ಸಾಯಬಣ್ಣ ಹಾಲಿನ ಬಾಗಿಲ ಮೇಲಿನ ಮೇನ್ ಬೋರ್ಡನ್ನು ಬಿಚ್ಚಿ ನೋಡಿ ಕೇಳಿದ: "ಏನೇನು ನಡೀಬೇಕ್ರಿ ಇದರ ಮ್ಯಾಲ? ಫ್ಯಾನು, ಟಿವಿ?"

"ಮೂರು ಲೈಟು ಅಷ್ಟೆ. ಬೆಲ್ಲಿನ ಕೆಂಪು ಬಲ್ಬು ಒಂದು, ಒಲೆ ಹತ್ತಿರ ಒಂದು. ಇನ್ನೊಂದು ಇಲ್ಲಿ." ಸತ್ಯಮೂರ್ತಿ ಗೋಡೆಯ ಮೇಲೆ ತಮ್ಮ ಹಣೆಯ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ಬೆರಳಿಟ್ಟರು.

"ಫ್ಯಾನ್ ಬ್ಯಾಡೇನ್ರಿ? ಎಲ್ಲಾರೂ ಮೊದಲ ಫ್ಯಾನ್ ಕೇಳ್ತಾರ."

"ಫ್ಯಾನ್ ಹಾಕಿದ್ರೆ ಬ್ಯಾಟ್ರಿ ಬೇಗ ಇಳಿಯುತ್ತೆ ಅಲ್ವಾ? ಬೇಡ. ಎರಡು ಗಂಟೆ ಪೂರ್ತಿ ಇರಬೇಕು."

"ಇಷ್ಟು ಕೆಳಗ ಹಾಕಿದ್ರ ಮಾರಿಗಿ ಹೊಡೀತದ್ರಿ."

"ಹೊಡೀಲಿ."

ಒಂದು ಭಾನುವಾರ ಪೂರ್ತಿ ಕೆಲಸ ನಡೆಯಿತು. ಸುಮಿತ್ರಾ ಗೆಳತಿಯರ ಜೊತೆ ಪಿಕ್ನಿಕ್ಕಿಗೆ ಹೋಗಿದ್ದಳು. ಮನೆಯ ಲೈಟುಗಳೆಲ್ಲ ಒಂದೇ ಫ್ಯೂಸಿನ ಮೇಲಿದ್ದವು. ಮೂರನ್ನು ಅದರಿಂದ ಬಿಡಿಸಿ ಬೇರೆ ವೈರು ಎಳೆಯಬೇಕಿತ್ತು. ಸತ್ಯಮೂರ್ತಿ ಸ್ಟೂಲು ಹಿಡಿದುಕೊಂಡು ನಿಂತು, ಹಳೇ ವೈ​ರಿಗೇ ಜೋಡಿಸಿದರೆ ಆಗುವುದಿಲ್ಲವೇ ಎಂದು ಕೇಳಿದರು.

"ಆಗ್ತದ್ರಿ. ಲೈಟೂ ಹತ್ತತಾವ. ಆದ್ರ ಬ್ಯಾಟ್ರಿ ಕರೆಂಟು ತಿರುಗಿ ಈ ಬೋರ್ಡಿಗಿ ಬರ್ತದ, ಬೋರ್ಡಿನಿಂದ ಹೊರಗಿನ ಲೈನಿಗಿ ಹೋಗ್ತದ. ಲೈಟ್ ಹೋಗ್ಯಾದ ಅಂತ ನಂಬಿ ಒಬ್ಬಾವ ಕಂಬ ಹತ್ತಿರ್ತಾನ ನೋಡ್ರಿ, ಅವ ವೈರ್ ಹಿಡಿದ್ರ ಅಲ್ಲೇ ಖಲಾಸ್."

ಸತ್ಯಮೂರ್ತಿ ಇದನ್ನು ಕೇಳಿದವರೇ ಹೆಂಡತಿಯ ಕಡೆ ತಿರುಗಿ, ಒಂದೂ ಬಿಡದೆ, ಕಂಬ ಹತ್ತುವುದನ್ನು ಕೈಯಲ್ಲಿ ಮಾಡಿ ತೋರಿಸುತ್ತ ಹೇಳಿದರು. ರಮಾಮಣಿ ಗಾಬರಿಯಿಂದ ಸಾಯಬಣ್ಣನನ್ನು ನೋಡಿ, "ಬೇರೆ ವೈರೇ ಹಾಕಪ್ಪ" ಅಂದರು.

ಸಂಜೆ ಎಲ್ಲ ಜೋಡಿಸಿಯಾದ ಮೇಲೆ ಸಾಯಬಣ್ಣ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದ. ಮನೆ ಕತ್ತಲಾಯಿತು. ಮೂಲೆಯ ಪೆಟ್ಟಿಗೆಯಲ್ಲಿ ಟಕ್ ಎಂದಿತು, ಗುಂಯ್ ಎನ್ನುವ ಸದ್ದು ಹೊರಟಿತು. ರಮಾಮಣಿ ಅದರ ಮೇಲೆ ಅಂಗೈಯಿಟ್ಟು, "ನಡುಗ್ತಿದೆ" ಅಂದರು. ಗೋಡೆಯ ಲೈಟು ಹತ್ತಿತ್ತು. ಸತ್ಯಮೂರ್ತಿ ಅದರ ಎದುರಿಗೆ ಕೂತರು. ಬೆಳಕು ಅವರ ಹಣೆ, ಕೆನ್ನೆ, ಬೋಳು ಮೇಲ್ತುಟಿ ಎಲ್ಲದರ ಮೇಲೂ ಸಮನಾಗಿ ಬಿದ್ದಿತ್ತು. ಅವರು ಏನೋ ಹೇಳಿದರು. ದನಿ ಇರಲಿಲ್ಲ. ಸಾಯಬಣ್ಣನಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ರಮಾಮಣಿ ಬಿದ್ದು ಬಿದ್ದು ನಕ್ಕರು. ಮತ್ತೆ ಅವರು ಏನೋ ಅಂದರು, ಈಕೆ ಏನೋ ಅಂದರು, ಅದು ಹಾಗೇ ಮುಂದುವರಿಯಿತು. ಸಾಯಬಣ್ಣ ಮೇನ್ ಸ್ವಿಚ್ಚನ್ನು ಮತ್ತೆ ಮೇಲೆತ್ತಲು ಮರೆತು, ಸ್ಟೂಲಿನ ಮೇಲೆ ನಿಂತೇ ಇದ್ದ.

"ಹದಿನಾರು ತಿಂಗಳಾತು ನಾ ಬರ್ಲಿಕತ್ತಿ," ಎಂದು ಅವನು ಈಗ ಸುಮಿತ್ರಾಗೆ ಹೇಳಿದ. "ನಿಮ್ಮ ಅಪ್ಪಾರು ಅವ್ವಾರ ಜೋಡಿ ಮಾತಾಡೂದು ಎಷ್ಟು ಸಲ ನೋಡೀನಿ. ದನಿ ಒಮ್ಮೆರ ಕೇಳಿಲ್ಲ."

ಸುಮಿತ್ರಾ ಗೋಡೆಯ ಲೈಟನ್ನು ನೋಡಿದಳು. ಅದರ ಕಣ್ಣು ಕುಕ್ಕುವ ಬೆಳಕಿಗೆ ತಾನೇ ಒಂದು ಭಾನುವಾರ ಅಂಟಿಸಿದ್ದ ಬಣ್ಣದ ಕಾಗದವನ್ನು ಅಪ್ಪ ಏನೂ ಅನ್ನದೆ ಸೋಮವಾರ ಕಿತ್ತುಹಾಕಿದ್ದರು.

* * *

ಎರಡು ಗಂಟೆಗೆ ಚಟ್ಟ ಸಿದ್ಧವಾಯಿತು. ಗಂಡುಮಕ್ಕಳಿಲ್ಲದ್ದರಿಂದ ಸೀತಾರಾಮ ಮಡಕೆ ಹಿಡಿದರು. ಹೆಂಗಸರು ಬಾಯಿಗೆ ಅಕ್ಕಿಕಾಳು ಹಾಕಿ ಹಿಂದೆ ಸರಿದರು. ಆಗ ರಮಾಮಣಿ ಎದ್ದು ನಿಂತು, "ಸುಮಿ, ನೀನೂ ಹೋಗು" ಅಂದರು.

ಸೀತಾರಾಮ ಅವರ ಎದುರಿಗೆ ಬಂದು ನಿಧಾನವಾಗಿ ಹೇಳಿದರು: "ಅತ್ತಿಗೆ, ಹೆಣ್ಮಕ್ಕಳು ಸ್ಮಶಾನಕ್ಕೆ ಬರೋ ಪದ್ಧತಿ ನಮ್ಮಲ್ಲಿಲ್ಲ."

"ಗೊತ್ತು. ಹಾಗಾದ್ರೆ ನೀನು ಬಂದು ಹೇಳ್ತೀಯಾ ನನಗೆ, ಅಲ್ಲಿ ಏನೇನಾಯ್ತು ಅಂತ? ಒಂದೂ ಬಿಡದೆ?"

"ಅದರಲ್ಲಿ ಹೇಳೋಂಥದ್ದು ಏನಿರುತ್ತೆ ಅತ್ತಿಗೆ?"

"ನೋಡಿದ್ಯಾ? ನೀನು ಹೇಳಲ್ಲ." ಅವರ ದನಿ ಏರುತ್ತಿತ್ತು. "ಇಪ್ಪತ್ತಮೂರು ವರ್ಷ ಅವರ ಒಂದು ದಿನವೂ ನನಗೆ ಗೊತ್ತಾಗದೆ ಹೋಗಿಲ್ಲ ಸೀತಾರಾಮ. ಇವತ್ತಿಂದೂ ಗೊತ್ತಾಗ್ಬೇಕು. ಸುಮಿ ಹೋಗಿ ನೋಡ್ಕೊಂಡು ಬರಲಿ."

ಸೀತಾರಾಮ ಮತ್ತೇನೋ ಹೇಳಲು ಬಾಯಿ ತೆರೆದರು. ರಮಾಮಣಿ ಕಣ್ಣು ಮುಚ್ಚಿಕೊಂಡರು. ಅಲ್ಲಿಗೆ ಯಾರ ಮಾತೂ ಅವರನ್ನು ಮುಟ್ಟುವಂತಿರಲಿಲ್ಲ. ಸೀತಾರಾಮ ಭುಜ ಮುಟ್ಟಿದರು, ಪಕ್ಕದ ಮನೆಯಾಕೆ ಕೈ ಅಲುಗಿಸಿದರು. ರೆಪ್ಪೆ ತೆರೆಯಲಿಲ್ಲ, ಎರಡೂ ಕಣ್ಣಿನಿಂದ ನೀರು ಮಾತ್ರ ಇಳಿಯುತ್ತಿತ್ತು. ಪುರೋಹಿತರು ಗಡಿಯಾರ ನೋಡಿದರು.

"ದೂರದಲ್ಲಿ ನಿಂತ್ಕೊಳ್ಳಲಿ ಬಿಡಿ," ಅಂದರು. "ಹೊತ್ತಾಗ್ತಿದೆ."

ಐದು ನಲವತ್ತೆಂಟರವರು ಮುಂದೆ ಹೆಗಲು ಕೊಟ್ಟರು. ಸುಮಿತ್ರಾ ಎಲ್ಲರ ಹಿಂದೆ ನಡೆದಳು. ಅವಳಿಗಿಂತ ನಾಲ್ಕು ಹೆಜ್ಜೆ ಹಿಂದೆ, ಬರಿಗಾಲಲ್ಲಿ, ಸಾಯಬಣ್ಣ.

* * *

ಅವರು ಮರಳಿದಾಗ ಐದೂವರೆ. ಸ್ನಾನ ಮಾಡಿ, ಪಕ್ಕದ ಮನೆಯವರು ಕೊಟ್ಟ ಚಹಾ ಕುಡಿದು, ಉಳಿದ ನಾಲ್ಕೈದು ಜನ ಹಾಲಿನಲ್ಲಿ ಚಾಪೆಯ ಮೇಲೆ ಕೂತರು. ಏಳಕ್ಕೆ ಲೈಟು ಹೋಯಿತು. ಕಿಟಕಿಯಾಚೆ ಇಡೀ ಬೀದಿ ಆರಿತು. ಒಳಗೆ ಪೆಟ್ಟಿಗೆ ಗುಂಯ್‌ಗುಟ್ಟಿತು.

ಸೀತಾರಾಮ ರಮಾಮಣಿಗೆ ಬೆನ್ನು ಮಾಡಿ ಕೂತು ಮಾತಾಡುತ್ತಿದ್ದರು. "ಹದಿಮೂರು ದಿನ ಆದ್ಮೇಲೆ ಅತ್ತಿಗೇನ ಚೆಂಬೂರಿಗೆ ಕರ್ಕೊಂಡು ಹೋಗಿಬಿಡ್ತೀನಿ. ಅಲ್ಲಿ ಲೈಟಿನ ಕಾಟ ಇಲ್ಲ. ಮನೇಲಿ ಎಲ್ಲಾರೂ ಕನ್ನಡ. ಇಲ್ಲಿ ಈ ಹುಡುಗಿ ಬೆಳಿಗ್ಗೆ ಏಳಕ್ಕೆ ಹೋದ್ರೆ ರಾತ್ರಿ ಬರೋದು, ಬಂದ್ರೂ ಇವಳ ಮಾತು ಅವರಿಗೆ ತಿಳಿಯಲ್ಲ, ಅವರಿಗೆ ಏನು ಬೇಕು ಏನು ಬೇಡ ನೋಡೋರು ಯಾರು?"

"ಚಿಕ್ಕಪ್ಪ," ಅಂದಳು ಸುಮಿತ್ರಾ, "ಅಮ್ಮನ ಕಡೆ ತಿರುಗಿ ಹೇಳಿ. ಅಮ್ಮ ಇಲ್ಲೇ ಇದ್ದಾಳೆ."

ಸೀತಾರಾಮ ತಿರುಗಿದರು. ಅತ್ತಿಗೆಯ ಕಣ್ಣು ತಮ್ಮ ಬಾಯಿಯ ಮೇಲೆ ನೆಟ್ಟಿತ್ತು. ಆಡುತ್ತಿದ್ದ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಎಲ್ಲ ನಿಜವೇ. ಆದರೂ ಎದುರಿಗೆ ಹೇಳಲಾಗದೆ, "ಆಮೇಲೆ ನೋಡೋಣ, ಅತ್ತಿಗೆ" ಎಂದಷ್ಟೇ ಹೇಳಿ ಎದ್ದು ಬಾಲ್ಕನಿಗೆ ಹೋದರು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ರಮಾಮಣಿ ಮಗಳನ್ನು ಕೈಸನ್ನೆ ಮಾಡಿ ಕರೆದರು. ಎಲ್ಲಿ ಕೂರಬೇಕೆಂದು ನೆಲ ತಟ್ಟಿ ತೋರಿಸಿದರು. ಸುಮಿತ್ರಾ ಕೂತಳು. ಬೆಳಕು ಸೀದಾ ಮುಖಕ್ಕೆ ಬಿತ್ತು. ಅವಳು ಕಣ್ಣು ಕಿರಿದು ಮಾಡಲಿಲ್ಲ.

"ಹೇಳು," ಅಂದರು ರಮಾಮಣಿ.

"ಸ್ಟೇಷನ್... ರೋಡಿಂದ... ಹೋದ್ವಿ."

"ಸ್ಟೇಷನ್ ರೋಡು. ಹೂಂ."

"ಭಾಜಿವಾಲಾ... ತರಕಾರಿಯವನು ಎದ್ದು ನಿಂತ. ಟೋಪಿ ತೆಗೆದ."

"ಯಾರು ನಿಂತ್ರು?"

"ತ-ರ-ಕಾ-ರಿ."

"ಹಾಂ, ತರಕಾರಿಯವನು. ಗೊತ್ತು, ಅವನು ಒಳ್ಳೇವನು. ಆಮೇಲೆ?"

ಬಾಯಿ ಅಗಲಿಸಿ, ಒಂದೊಂದೇ ಮಾತನ್ನು ಹುಡುಕಿ ತಂದು ಸುಮಿತ್ರಾ ಹೇಳುತ್ತ ಹೋದಳು. ಯಾವ ತಿರುವಿನಲ್ಲಿ ಹೆಗಲು ಬದಲಿಸಿದರು. ಸದಾನಂದ ಕೊನೆಯವರೆಗೂ ಬದಲಿಸಲು ಬಿಡಲಿಲ್ಲ. ಸ್ಮಶಾನದಲ್ಲಿ ಒಂದು ಬೇವಿನ ಮರ ಇತ್ತು, ಅವಳನ್ನು ಅದರ ಕೆಳಗೆ ನಿಲ್ಲಿಸಿದರು. ರಮಾಮಣಿ ಪ್ರತಿ ವಾಕ್ಯವನ್ನೂ ಮತ್ತೆ ಹೇಳಿ, ತಪ್ಪಿದ್ದರೆ ಮಗಳಿಂದ ಇನ್ನೊಮ್ಮೆ ಹೇಳಿಸಿದರು. ಒಂದು ಕಡೆ ಸುಮಿತ್ರಾಗೆ ಶಬ್ದವೇ ಸಿಗಲಿಲ್ಲ. "ಲಕಡಿ," ಅಂದಳು. ಕೈಯಲ್ಲಿ ಉದ್ದ ತೋರಿಸಿದಳು, ಒಂದರ ಮೇಲೊಂದು ಒಟ್ಟುವುದನ್ನು ತೋರಿಸಿದಳು.

"ಕಟ್ಟಿಗೆ," ಅಂದರು ರಮಾಮಣಿ. ಅವರ ದನಿ ಈಗ ಪಿಸುಮಾತಿಗಿಂತ ಸಣ್ಣದಾಗಿತ್ತು. "ಕಟ್ಟಿಗೆ ಅನ್ನು."

"ಕಟ್ಟಿಗೆ."

"ಒಣಗಿತ್ತಾ?"

"ಒಣಗಿತ್ತು."

"ಮುಖದ ಮೇಲೂ ಇಟ್ರಾ?"

ಸುಮಿತ್ರಾ ಹೌದೆಂದಳು. ಹೇಗೆ ಇಟ್ಟರೆಂದು ಹೇಳಹೊರಟಳು. ಮೊದಲ ಶಬ್ದಕ್ಕೇ ತುಟಿ ಸೊಟ್ಟಗಾಯಿತು. ಎರಡನೆಯದು ಹೊರಡಲಿಲ್ಲ. ಅವಳು ತಲೆ ತಗ್ಗಿಸಿದಳು, ಹೆಗಲು ಅದುರತೊಡಗಿತು.

ರಮಾಮಣಿಯ ಕೈ ಬಂದು ಅವಳ ಗದ್ದವನ್ನು ಹಿಡಿದು ಮುಖವನ್ನು ಬೆಳಕಿಗೆ ಎತ್ತಿತು.

"ಅಳ್ತಾ ಹೇಳಿದ್ರೆ ನನಗೆ ತಿಳಿಯಲ್ಲ ಕಣೆ ಮಗಳೆ," ಅಂದರು ಅವರು. "ಮೊದಲು ಅತ್ತುಬಿಡು. ಆಮೇಲೆ ಹೇಳು."

ಸುಮಿತ್ರಾ ಅತ್ತಳು. ರಮಾಮಣಿ ಹಿಡಿದ ಗದ್ದವನ್ನು ಬಿಡದೆ, ತಮ್ಮ ಕಣ್ಣಲ್ಲಿ ತುಂಬಿದ ನೀರು ನೋಟಕ್ಕೆ ಅಡ್ಡ ಬಂದಾಗಲೆಲ್ಲ ಸೆರಗಿನಿಂದ ಒರೆಸಿಕೊಳ್ಳುತ್ತ, ಆ ತುಟಿಗಳ ನಡುಕ ನಿಲ್ಲುವುದನ್ನು ನೋಡುತ್ತ ಕೂತರು.